ಡಾಕ್ಟರರ ಮನೆಯ ಹೊಟ್ಟೆಯುಬ್ಬರ

ಮೊದಲು ಬಿಗಿಯಾದದ್ದು ಲಂಗದ ಲಾಡಿ. ನವೆಂಬರಿನ ಮೊದಲ ವಾರ ನಮ್ಮ ಕನ್ನಡದವರೆಲ್ಲ ಸೇರಿ ಶಾಲೆಯೊಂದರ ಹಾಲ್ ಹಿಡಿದು ರಾಜ್ಯೋತ್ಸವ ಮಾಡುತ್ತಾರೆ. ಬರ್ಮಿಂಗ್‌ಹ್ಯಾಮಿನ ಚಳಿಯಲ್ಲಿ ರೇಷ್ಮೆ ಸೀರೆ ಉಟ್ಟು ನಡುಗುವ ಹುಚ್ಚು ವರ್ಷಕ್ಕೆ ಅದೊಂದು ದಿನ. ಯಾವಾಗಲೂ ಕಟ್ಟುವ ಜಾಗದಲ್ಲೇ ಲಾಡಿ ಕಟ್ಟಿದ್ದೆ. ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಉಸಿರು ಕಟ್ಟಿದಂತಾಗಿ, ಟಾಯ್ಲೆಟ್ಟಿಗೆ ಹೋಗಿ ಸಡಿಲಿಸಿಕೊಂಡು ಬಂದೆ. ಆಮೇಲೆ ಊಟಕ್ಕೆ ಕೂತರೆ ಬಿಸಿಬೇಳೆಬಾತು ನಾಲ್ಕು ಚಮಚಕ್ಕಿಂತ ಹೆಚ್ಚು ಇಳಿಯಲಿಲ್ಲ. ಊಟ ಬಿಡುವ ಪೈಕಿಯವಳಲ್ಲ ನಾನು. ಪಕ್ಕದಲ್ಲಿದ್ದವರು ಡಯಟ್ ಮಾಡುತ್ತಿದ್ದೀಯಾ ಎಂದು ಕೇಳಿದರು.

ಮೊದಲೇ ಹೇಳಿಬಿಡುತ್ತೇನೆ, ಅದು ಗ್ಯಾಸ್ ಆಗಿರಲಿಲ್ಲ. ಅಂಡಾಶಯದ ಕ್ಯಾನ್ಸರ್. ಕೀಮೋ ಆಯಿತು, ಆಪರೇಷನ್ ಆಯಿತು, ಒಂದು ಬೇಸಿಗೆ ಬಿಡುವು ಕೊಟ್ಟು ಮತ್ತೆ ಬಂದಿದೆ. ಈಗ ನನ್ನನ್ನು ನೋಡುವ ಡಾಕ್ಟರು ವಾಸಿ ಎಂಬ ಮಾತನ್ನು ಬಾಯಿಗೇ ತರುವುದಿಲ್ಲ, ಮ್ಯಾನೇಜ್ ಮಾಡೋಣ ಅನ್ನುತ್ತಾರೆ. ನನ್ನ ಗಂಡ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು. ಮೂವತ್ತು ವರ್ಷದಿಂದ ಈ ಊರಿನವರ ಹೊಟ್ಟೆ ಒತ್ತಿ ನೋಡಿದವರು. ಅಂಥವರ ಮನೆಯೊಳಗೇ ಈ ನನ್ನ ಹೊಟ್ಟೆ ಹನ್ನೊಂದು ತಿಂಗಳು ಓಡಾಡಿಕೊಂಡಿತ್ತು. ಹೇಗೆ ಅಂತ ಎಲ್ಲರೂ ಮನಸ್ಸಿನಲ್ಲೇ ಕೇಳುತ್ತಾರೆ, ಬಾಯಿಬಿಟ್ಟು ಕೇಳುವುದಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಅದಕ್ಕೆ ಬರ್ಮಿಂಗ್‌ಹ್ಯಾಮಿನ ಅಂಚಿನ ಸಟನ್ ಕೋಲ್ಡ್‌ಫೀಲ್ಡಿನ ನಮ್ಮ ಬಳಗದ ಒಂದು ಪದ್ಧತಿ ಗೊತ್ತಿರಬೇಕು. ತಿಂಗಳಿಗೊಂದು ಶನಿವಾರ ಯಾರದಾದರೂ ಮನೆಯಲ್ಲಿ ಊಟ. ಏಳೆಂಟು ಕುಟುಂಬ, ಪ್ರತಿ ಮನೆಯಲ್ಲೂ ಕನಿಷ್ಠ ಒಬ್ಬ ಡಾಕ್ಟರು. ಮೂಳೆಯವರು, ಕಿವಿಯವರು, ಹೃದಯದವರು, ಮನಸ್ಸಿನವರು. ಯಾರಿಗೆ ಏನೇ ಆಗಲಿ, ಮೊದಲು ಕೇಳುವುದು ಅಲ್ಲಿ, ತಟ್ಟೆ ಕೈಯಲ್ಲಿ ಹಿಡಿದುಕೊಂಡು. ಉತ್ತರ ಕೊಡುವವರ ಕೈಯಲ್ಲೂ ತಟ್ಟೆಯೇ. ಯಾರೂ ಯಾರ ಮೈಯನ್ನೂ ಮುಟ್ಟಿ ನೋಡುವುದಿಲ್ಲ; ಗೆಳೆಯನ ಹೆಂಡತಿಯ ಹೊಟ್ಟೆ, ಮುಟ್ಟಿದರೆ ಚೆನ್ನಾಗಿರುತ್ತದೆಯೇ? ಯಾರೂ ಬರೆದಿಟ್ಟುಕೊಳ್ಳುವುದೂ ಇಲ್ಲ. ಹೋದ ತಿಂಗಳು ಕೇಳಿದ್ದನ್ನೇ ಈ ತಿಂಗಳು ಕೇಳಿದರೂ ಅದು ಅವರಿಗೆ ಹೊಸ ಪ್ರಶ್ನೆ. ಇನ್ನು ಸರ್ಜರಿಗೆ, ಅಂದರೆ ನಾವು ಹೆಸರು ನೋಂದಾಯಿಸಿದ ಜಿಪಿ ಕ್ಲಿನಿಕ್ಕಿಗೆ, ಹೋಗುವುದು ಫ್ಲೂ ಇಂಜೆಕ್ಷನ್ನಿಗೆ ಮಾತ್ರ. ಡಾಕ್ಟರ ಹೆಂಡತಿ ಗ್ಯಾಸಿಗೆಂದು ಅಪಾಯಿಂಟ್‌ಮೆಂಟ್ ಕೇಳಿದರೆ ರಿಸೆಪ್ಷನಿಸ್ಟ್ ಏನೆಂದುಕೊಂಡಾಳು ಎಂಬ ನಾಚಿಕೆ. ನನ್ನ ಹೊಟ್ಟೆಯನ್ನು ಏಳೆಂಟು ಜನ ಡಾಕ್ಟರು ನೋಡಿದ್ದಾರೆ ಎಂದು ನಾನು ಧೈರ್ಯವಾಗಿದ್ದೆ. ನಿಜಕ್ಕೂ ಒಬ್ಬರೂ ನೋಡಿರಲಿಲ್ಲ.

ಡಿಸೆಂಬರಿನ ಊಟದಲ್ಲಿ ಮೊದಲ ಸಲ ಕೇಳಿದೆ. “ಎಂತದೋ ಗೊತ್ತಿಲ್ಲ, ಒಂದು ತಿಂಗಳಿಂದ ಹೊಟ್ಟೆ ಉಬ್ಬರಿಸಿಕೊಂಡೇ ಉಂಟು. ಎರಡು ತುತ್ತಿಗೇ ಸಾಕು ಅನ್ನಿಸ್ತದೆ.”

ಮನಸ್ಸಿನ ಡಾಕ್ಟರು ಹಪ್ಪಳ ಮುರಿಯುತ್ತಾ, “ಮಗಳು ಓದೋಕೆ ಲೀಡ್ಸ್‌ಗೆ ಹೋದ್ಮೇಲೆ ಶುರುವಾಯ್ತಾ? ಸ್ಟ್ರೆಸ್ ಎಲ್ಲಾ ಗಟ್‌ಗೇ ಬರೋದು” ಎಂದರು. ಹೃದಯದವರು ಊಟವಾದ ಮೇಲೆ ಇಪ್ಪತ್ತು ನಿಮಿಷ ನಡೆಯಿರಿ ಎಂದರು. ಧಾರವಾಡದ ಮೂಳೆ ಡಾಕ್ಟರು, “ಏನೂ ಆಗಿಲ್ರಿ ನಿಮಗ. ಕರಾವಳಿ ಮಂದಿ ಕುಚಲಕ್ಕಿ ಬಿಟ್ಟು ಬಾಸ್ಮತಿ ತಿಂದ್ರ ಹಿಂಗ ಆಗೂದು” ಎಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಗಂಡ ಸೋಫಾದಿಂದಲೇ ಕೂಗಿದರು: “ಏನಿಲ್ಲ, ಮೆನೋಪಾಸ್ ಗ್ಯಾಸ್. ಕಡ್ಲೆಕಾಳು ಕಮ್ಮಿ ಮಾಡು ಅಂದ್ರೆ ಕೇಳಲ್ಲ.”

ಕಡಲೆ ಬಿಟ್ಟೆ. ಬರೀ ಕಡಲೆಯಲ್ಲ, ಹೇಳಿದವರು ಹೇಳಿದ್ದನ್ನೆಲ್ಲ ಬಿಟ್ಟೆ. ಹಾಲು ಬಿಟ್ಟೆ, ಗೋಧಿ ಬಿಟ್ಟೆ, ಈರುಳ್ಳಿ ಬೆಳ್ಳುಳ್ಳಿ ಬಿಟ್ಟೆ. ನಮ್ಮಜ್ಜಿ ಕಾರ್ತಿಕ ಮಾಸದಲ್ಲೂ ಇಷ್ಟು ಬಿಟ್ಟಿರಲಿಲ್ಲ. ಬೇಳೆಯನ್ನು ಹಿಂದಿನ ದಿನವೇ ನೆನೆಹಾಕಿ ಆ ನೀರು ಚೆಲ್ಲಿ ಬೇಯಿಸಿದೆ. ಓಮ ಜೀರಿಗೆ ಕುದಿಸಿ ಕುಡಿದೆ. ಪುದೀನಾ ಎಣ್ಣೆಯ ಮಾತ್ರೆ ನುಂಗಿದೆ. ತಿಂದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟೆ, ಮುಂದೆ ಉಬ್ಬರಕ್ಕೆ ಹತ್ತರಲ್ಲಿ ಇಷ್ಟು ಅಂತ ಅಂಕ. ಸಟನ್ ಪಾರ್ಕಿನಲ್ಲಿ ಕೆಸರು ತುಳಿಯುತ್ತಾ ನಡೆದೆ. ಇವೆಲ್ಲ ಸುಳ್ಳು ಮದ್ದು ಅಂತ ಹೇಳುತ್ತಿಲ್ಲ. ಗ್ಯಾಸಿನ ಉಬ್ಬರಕ್ಕೆ ಇವು ನಿಜಕ್ಕೂ ಕೆಲಸ ಮಾಡುತ್ತವೆ. ನನಗೂ ಒಂದೆರಡು ದಿನ ತೇಗು ಬಂದು ಹಾಯೆನಿಸಿದ್ದುಂಟು. ಆ ಒಂದೆರಡು ದಿನ ನನ್ನನ್ನು ಇನ್ನೊಂದೆರಡು ತಿಂಗಳು ಸುಮ್ಮನಿರಿಸಿತು.

ಅಷ್ಟು ದಿನ ಪುಸ್ತಕ ಬರೆದದ್ದರಿಂದ ನನಗೊಂದು ತಿಳಿಯಿತು. ಗ್ಯಾಸ್ ಬಂದು ಹೋಗುವ ನೆಂಟ. ಉಂಡ ಮೇಲೆ ಏರುತ್ತದೆ, ಮಲಗಿ ಎದ್ದರೆ ಬೆಳಿಗ್ಗೆ ಇಳಿದಿರುತ್ತದೆ. ನನ್ನದು ಬೆಳಿಗ್ಗೆಯೂ ಇರುತ್ತಿತ್ತು. ಏನೂ ತಿನ್ನದ ಏಕಾದಶಿಯ ದಿನವೂ ಏಳು ಅಂಕ. ಫೆಬ್ರವರಿಯಿಂದ ಆಚೆ ನನ್ನ ಪುಸ್ತಕದಲ್ಲಿ ಏಳಕ್ಕಿಂತ ಕೆಳಗೆ ಒಂದು ಅಂಕವೂ ಇಲ್ಲ. ಅದರ ಜೊತೆಗೆ ಗಂಟೆಗೊಮ್ಮೆ ಮೂತ್ರಕ್ಕೆ ಓಡುವುದು, ಸೊಂಟದ ಕೆಳಗೆ ಒಂದು ಮಂದ ನೋವು. ಕೈಕಾಲು ಸೊರಗುತ್ತಾ ಹೋದವು, ಹೊಟ್ಟೆ ಮಾತ್ರ ಮುಂದೆ ಬಂತು.

ಆ ಪುಸ್ತಕವನ್ನು ಏಪ್ರಿಲಿನಲ್ಲಿ ಗಂಡನ ಮುಂದೆ ಇಟ್ಟೆ. ತಿಂಡಿಗೆ ಕೂತಿದ್ದರು, ಕೈಯಲ್ಲಿ ಫೋನು, ಮುಂದಿನ ವಾರದ ಡ್ಯೂಟಿ ರೋಟಾ ನೋಡುತ್ತಿದ್ದರು.

“ಇದು ಗ್ಯಾಸ್ ಅಲ್ಲ ಮಾರಾಯ್ರೇ. ಒಮ್ಮೆ ಸರೀ ನೋಡಿ” ಎಂದೆ.

ಎರಡು ಪುಟ ತಿರುವಿದರು. “ನೋಡು, ಸ್ವಂತ ಮನೆಯವರನ್ನ ನಾವು ಟ್ರೀಟ್ ಮಾಡಬಾರದು. ರೂಲ್ ಇದೆ. ನಾನು ನಿನ್ನ ಡಾಕ್ಟರಲ್ಲ ಕಣೇ.”

“ಹಾಗಾದ್ರೆ ನನ್ನ ಡಾಕ್ಟರ ಹತ್ರ ಹೋಗ್ಲಾ?”

“ಗ್ಯಾಸಿಗಾ? ಅವರಿಗೆ ಈಗಾಗಲೇ ತಲೆ ಮೇಲೆ ಕೆಲಸ. ನೀನು ಹೋಗಿ ನಿಂತ್ರೆ, ಗಂಡ ಏನ್ಮಾಡ್ತಿದಾನೆ ಅಂತಾರೆ.” ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು. “ಐಬಿಎಸ್ ಇರತ್ತೆ, ಕರುಳಿನ ತೊಂದರೆ. ಪ್ರಾಣ ಹೋಗೋ ಕಾಯಿಲೆ ಅಲ್ಲ.”

ಅವರು ಕೆಟ್ಟವರಲ್ಲ. ಇದನ್ನು ಓದಿ ಅವರನ್ನು ಬಯ್ಯುವವರಿಗೆ ಹೇಳುತ್ತೇನೆ, ನನ್ನಷ್ಟು ಚೆನ್ನಾಗಿ ನಿಮಗೆ ಬಯ್ಯಲು ಬರುವುದಿಲ್ಲ. ದಿನಕ್ಕೆ ಮೂವತ್ತು ಜನರ ಗೋಳು ಕೇಳಿ ಮನೆಗೆ ಬಂದವರಿಗೆ ಮೂವತ್ತೊಂದನೆಯದು ಕೇಳಿಸುವುದಿಲ್ಲ. ಹೆಂಡತಿಯ ಹೊಟ್ಟೆ ಅವರಿಗೆ ಹೊಟ್ಟೆಯಾಗಿ ಕಾಣಲೇ ಇಲ್ಲ, ಸಂಸಾರದ ಗೊಣಗಾಟವಾಗಿ ಕೇಳಿಸಿತು. ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ಕ್ಷಮಿಸಿದ್ದೇನೆಯೇ ಎಂದರೆ ಇಲ್ಲ.

ಜೂನಿನಲ್ಲಿ ಕೆಲಸಕ್ಕೆ ಹೋಗುವಾಗ ಟ್ರೈನಿನಲ್ಲಿ ಒಬ್ಬಳು ಹುಡುಗಿ ಎದ್ದು ಸೀಟು ಕೊಟ್ಟಳು. ವಾರಕ್ಕೆ ಮೂರು ದಿನ ಬರ್ಮಿಂಗ್‌ಹ್ಯಾಮಿನ ಲೈಬ್ರರಿಯೊಂದರಲ್ಲಿ ನನಗೆ ಕೆಲಸವಿತ್ತು. ನನ್ನ ಹೊಟ್ಟೆ ನೋಡಿ ನಕ್ಕು ಎದ್ದವಳು, ಆಮೇಲೆ ಕಣ್ಣೆತ್ತಿ ನನ್ನ ನರೆಗೂದಲು ನೋಡಿ ಕೆಂಪಗಾದಳು. ಪಾಪ, ಅವಳಿಗೆ ಸಮಾಧಾನವಾಗಲಿ ಎಂದು ಥ್ಯಾಂಕ್ಯೂ ಹೇಳಿ ಕೂತುಬಿಟ್ಟೆ. ನ್ಯೂ ಸ್ಟ್ರೀಟ್ ಸ್ಟೇಷನ್ ಬರುವವರೆಗೂ ಬ್ಯಾಗು ಹೊಟ್ಟೆಯ ಮೇಲೆ ಅಡ್ಡ ಹಿಡಿದಿದ್ದೆ. ಆವತ್ತೇ ಸರ್ಜರಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಬದಲಿಗೆ ಅಂಗಡಿಗೆ ಹೋಗಿ ಎಲಾಸ್ಟಿಕ್ಕಿನ ಎರಡು ಪ್ಯಾಂಟು ತಂದೆ. ದಡ್ಡತನ ಅವರೊಬ್ಬರದ್ದೇ ಅಲ್ಲ.

ಆ ಬೇಸಿಗೆಯ ಊಟಗಳಿಗೂ ಹೋದೆ. ಜುಲೈನಲ್ಲಿ ನಮ್ಮ ಮನೆಯಲ್ಲೇ ಇತ್ತು. ಮೂವತ್ತು ಜನಕ್ಕೆ ನೀರುದೋಸೆ ಹುಯ್ದೆ, ಒಂದನ್ನೂ ತಿನ್ನಲಾಗಲಿಲ್ಲ. ಡಾಕ್ಟರುಗಳೆಲ್ಲ ತೋಟದಲ್ಲಿ ಕುರ್ಚಿ ಹಾಕಿಕೊಂಡು ಪೆನ್ಷನ್ ಮಾತಾಡುತ್ತಿದ್ದರು. ಕಿವಿ ಡಾಕ್ಟರು, “ಏನ್ರೀ, ಗ್ಯಾಸ್ ಹೇಗಿದೆ?” ಎಂದು ನನ್ನ ಗ್ಯಾಸನ್ನು ದೂರದ ನೆಂಟನ ಆರೋಗ್ಯ ವಿಚಾರಿಸುವ ಹಾಗೆ ವಿಚಾರಿಸಿದರು. “ಉಂಟು, ಆರಾಮ ಉಂಟು” ಎಂದೆ. ಮತ್ತೆ ಎಲ್ಲರೂ ನಕ್ಕರು.

ಸೆಪ್ಟೆಂಬರಿನ ಒಂದು ಗುರುವಾರ ನನ್ನ ಈ ಸುಮ್ಮನಿರುವಿಕೆ ಮುರಿಯಿತು. ಗುರುವಾರ ನನ್ನ ಗಂಡ ಮನೆಯಿಂದಲೇ ರೋಗಿಗಳ ಜೊತೆ ಫೋನಿನಲ್ಲಿ ಮಾತಾಡುತ್ತಾರೆ, ಮಹಡಿಯ ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು. ಆ ಹೊತ್ತು ನಾನು ಮೇಲೆ ಹೋಗಬಾರದೆಂಬುದು ನಮ್ಮ ಮನೆಯ ಕಟ್ಟುನಿಟ್ಟು. ಆವತ್ತು ಮರೆತು, ಒಗೆದ ಬಟ್ಟೆಯ ಬುಟ್ಟಿ ಹೊತ್ತು ಮೆಟ್ಟಿಲೇರಿದೆ. ಮೇಲೆ ತಲುಪುವಷ್ಟರಲ್ಲಿ ಏದುಸಿರು ಬಂದು ಗೋಡೆಗೆ ಒರಗಿ ನಿಂತೆ. ಒಳಗೆ ಅವರ ದನಿ ಮಾತ್ರ ಕೇಳುತ್ತಿತ್ತು. ಆ ಕಡೆ ಯಾರು ಅಂತ ನನಗೆ ಗೊತ್ತಿಲ್ಲ, ಹೆಂಗಸು ಎಂದಷ್ಟೇ ಗೊತ್ತಾಯಿತು. ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ಒಂದೊಂದೇ ಪ್ರಶ್ನೆ, ನಿಧಾನವಾಗಿ.

ಉಬ್ಬರ ಎಷ್ಟು ದಿನದಿಂದ ಇದೆ? ಬಂದು ಹೋಗುತ್ತದೆಯೋ, ಇದ್ದೇ ಇರುತ್ತದೆಯೋ?

ಇದ್ದೇ ಇರುತ್ತದೆ, ಎಂದೆ ನಾನು ಮನಸ್ಸಿನಲ್ಲಿ.

ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗಾಗುತ್ತದೆಯೇ? ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆಯೇ? ಕೆಳಹೊಟ್ಟೆಯಲ್ಲಿ ನೋವು? ಮನೆಯಲ್ಲಿ ತಾಯಿಗೆ, ಅಕ್ಕತಂಗಿಯರಿಗೆ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ?

ಹೌದು, ಹೌದು, ಹೌದು. ಚಿಕ್ಕಮ್ಮನಿಗೆ ಏನೋ ಆಗಿತ್ತು, ನಮ್ಮ ಕಡೆ ಅದರ ಹೆಸರು ಯಾರೂ ಹೇಳಲಿಲ್ಲ.

ಆಮೇಲೆ ಅವರು ಹೇಳಿದ್ದು ನನಗೆ ಈಗಲೂ ಅಕ್ಷರಶಃ ನೆನಪಿದೆ. ಛೆ, ಇದರಲ್ಲಿ ನಾಚಿಕೆಯೇನು, ನೀವು ಫೋನ್ ಮಾಡಿದ್ದು ಒಳ್ಳೆಯದಾಯಿತು ಎಂದರು. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಉಬ್ಬರವನ್ನು ನಾನು ಗ್ಯಾಸ್ ಎಂದು ಬಿಡುವುದಿಲ್ಲ. ನಾಳೆಯೇ ಬನ್ನಿ, ಹೊಟ್ಟೆ ಮುಟ್ಟಿ ನೋಡಬೇಕು. ಒಂದು ರಕ್ತಪರೀಕ್ಷೆ ಇದೆ, ಅಂಡಾಶಯಕ್ಕೆ ಸಂಬಂಧಿಸಿದ್ದು. ಹೆಚ್ಚಿನ ಸಲ ಏನೂ ಇರುವುದಿಲ್ಲ, ಆದರೆ ನೋಡದೆ ಇರಬಾರದು.

ಎಷ್ಟು ಒಳ್ಳೆಯ ಡಾಕ್ಟರು ಅಂತ ಅನ್ನಿಸಿತು. ಆ ದನಿ, ಆ ತಾಳ್ಮೆ, ನಾನು ಮದುವೆಯಾದ ಹೊಸತರಲ್ಲಿ ಕೇಳಿದ್ದು. ಬುಟ್ಟಿ ನೆಲಕ್ಕಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಭಯಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಯಾರೋ ಗುರುತಿಲ್ಲದ ಹೆಂಗಸು ಒಂದು ಫೋನಿಗೆ ಪಡೆದದ್ದನ್ನು ನಾನು ಹನ್ನೊಂದು ತಿಂಗಳು ಅನ್ನ ಬಡಿಸಿ ಪಡೆಯಲಿಲ್ಲವಲ್ಲ ಎಂದು ಅಳು ಬಂತು.

ಮಧ್ಯಾಹ್ನ ಕೆಳಗೆ ಬಂದು ಊಟಕ್ಕೆ ಕೂತರು. ನನ್ನ ತಟ್ಟೆ ನೋಡಿ, “ಇಷ್ಟೇನಾ? ಮಜ್ಜಿಗೆಗೆ ಸ್ವಲ್ಪ ಇಂಗು ಹಾಕ್ಕೊಂಡು ಕುಡಿ, ಸರಿಹೋಗತ್ತೆ” ಎಂದರು. ಆಯಿತು ಎಂದು ಎದ್ದು ಹೋದೆ.

ಮರುದಿನ ಅವರು ಕೆಲಸಕ್ಕೆ ಹೊರಟ ಮೇಲೆ ಎಂಟು ಗಂಟೆಗೆ ಸರಿಯಾಗಿ ನನ್ನ ಸರ್ಜರಿಗೆ ಫೋನ್ ಮಾಡಿದೆ. ಕ್ಯೂನಲ್ಲಿ ಹದಿನೇಳನೆಯವಳು. ರಿಸೆಪ್ಷನಿಸ್ಟ್ ಹೆಸರು ಕೇಳಿದಳು, ಸಮಸ್ಯೆ ಕೇಳಿದಳು, ಹನ್ನೊಂದೂವರೆಗೆ ಬನ್ನಿ ಎಂದಳು. ಅಷ್ಟೇ. ಯಾರ ಹೆಂಡತಿ ಎಂದು ಅವಳು ಕೇಳಲೇ ಇಲ್ಲ.

ಒಳಗೆ ಇದ್ದದ್ದು ನನ್ನ ಮಗಳಿಗಿಂತ ಕೊಂಚ ದೊಡ್ಡವಳಿರಬಹುದಾದ ಡಾಕ್ಟರು. ಎಷ್ಟು ದಿನದಿಂದ ಎಂದು ಕೇಳಿದಳು. ಸ್ವಲ್ಪ ಸಮಯದಿಂದ ಎಂದೆ. ಮಲಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟಳು, ಪಕ್ಕಕ್ಕೆ ಹೊರಳಿಸಿ ಬೆರಳಿನಿಂದ ತಟ್ಟಿ ನೋಡಿದಳು. ಮತ್ತೆ ಎಷ್ಟು ದಿನ ಎಂದು ಕೇಳಲಿಲ್ಲ. ಅಷ್ಟರಲ್ಲಿ ಅವಳ ಕೈಗೆ ಉತ್ತರ ಸಿಕ್ಕಿತ್ತು. ಒಳಗಿರುವುದು ಗಾಳಿಯಲ್ಲ, ನೀರು ಇರಬಹುದು ಎಂದು ಮೆಲ್ಲಗೆ ಹೇಳಿದಳು. ಆವತ್ತೇ ರಕ್ತ ತೆಗೆದರು, ಮರುವಾರವೇ ಸ್ಕ್ಯಾನ್. ಹನ್ನೊಂದು ತಿಂಗಳು ಆಗದ್ದು ಒಂಬತ್ತು ದಿನದಲ್ಲಿ ಆಗಿಹೋಯಿತು.

ಸ್ಕ್ಯಾನಿನ ಫಲಿತಾಂಶ ಬಂದ ಮೇಲೆ ಗಂಡನಿಗೆ ಹೇಳಿದೆ. ಅವರು ನನ್ನ ಫೋನು ಇಸಿದುಕೊಂಡು ರಿಪೋರ್ಟು ಓದಿದರು, ಮತ್ತೆ ಓದಿದರು. “ಯಾಕೆ ನಂಗೆ ಹೇಳಲಿಲ್ಲ?” ಎಂದರು.

ಎಂಥ ಪ್ರಶ್ನೆ! ಫೋನು ಅವರ ಕೈಯಿಂದ ವಾಪಸ್ಸು ತೆಗೆದುಕೊಂಡು ಚಾರ್ಜಿಗೆ ಹಾಕಿದೆ.

ಅಕ್ಟೋಬರಿನಲ್ಲಿ ಆಸ್ಪತ್ರೆಯ ಕ್ಲಿನಿಕ್ಕಿಗೆ ಇಬ್ಬರೂ ಹೋದೆವು. ಅಲ್ಲಿನ ಕನ್ಸಲ್ಟೆಂಟರಿಗೂ ನನ್ನ ಗಂಡನಿಗೂ ವರ್ಷಗಳ ಪರಿಚಯ, ಮೀಟಿಂಗುಗಳಲ್ಲಿ ಎದುರುಬದುರು ಕೂತವರು. ಕೈಕುಲುಕಿದರು, ಇಂಥ ಕಾರಣಕ್ಕೆ ಸಿಗಬೇಕಾಯಿತಲ್ಲ ಎಂದರು. ಪಕ್ಕದಲ್ಲಿ ನರ್ಸು ಟಿಶ್ಯೂ ಡಬ್ಬಿಯನ್ನು ನನ್ನ ಕೈಗೆಟುಕುವ ಹಾಗೆ ಸರಿಸಿದಾಗಲೇ ನನಗೆ ಎಲ್ಲ ಗೊತ್ತಾಯಿತು. ಹೊಟ್ಟೆಯ ಒಳಪೊರೆಗೆಲ್ಲ ಹಬ್ಬಿದೆ, ಮೂರನೆಯ ಹಂತ ಎಂದರು. ಆಮೇಲೆ ಪೆನ್ನು ತೆಗೆದು ನನ್ನ ಕಡೆ ತಿರುಗಿ, ಈ ಉಬ್ಬರ ಶುರುವಾಗಿ ಎಷ್ಟು ಸಮಯವಾಯಿತು ಎಂದು ಕೇಳಿದರು.

“ಎರಡು ತಿಂಗಳು” ಎಂದೆ.

ಯಾಕೆ ಹಾಗೆ ಹೇಳಿದೆನೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಾಲ್ಕು ಜನರ ಮುಂದೆ ಗಂಡನ ಮರ್ಯಾದೆ ಹೋಗಬಾರದು ಎಂಬ ಮೂವತ್ತೊಂದು ವರ್ಷದ ಅಭ್ಯಾಸ ಬಾಯಿಂದ ತಾನಾಗಿ ಬಂತು. ಅದೊಂದೇ ಅಲ್ಲ. ಹೇಳಿದ ಮರುಗಳಿಗೆಯೇ ನಾನು ಕಾಯತೊಡಗಿದೆ. ನನ್ನ ಗಂಡ ನನ್ನನ್ನು ತಿದ್ದುವವರು. ಮೂವತ್ತೊಂದು ವರ್ಷ ನಾನು ಹೇಳಿದ ಒಂದು ಕಥೆಯನ್ನೂ ತಾರೀಖು ತಿದ್ದದೆ ಮುಗಿಸಲು ಬಿಟ್ಟವರಲ್ಲ. ಮದುವೆಯ ತಿಂಗಳು ಹೇಳಿದರೂ ಬೈ ದ ವೇ ಅದು ಮೇ ಅಲ್ಲ, ಜೂನ್ ಅನ್ನುವವರು. ಈಗ ಬಾಯಿಬಿಡುತ್ತಾರೆ, ಇಲ್ಲ, ಹನ್ನೊಂದು ತಿಂಗಳಾಯಿತು, ನನಗೆ ಹೇಳುತ್ತಲೇ ಇದ್ದಳು, ನಾನು ಕೇಳಲಿಲ್ಲ ಅನ್ನುತ್ತಾರೆ. ಅಷ್ಟು ಅಂದಿದ್ದರೆ ಸಾಕಿತ್ತು. ನಾನು ಸಾಯುವುದಕ್ಕೂ ಒಪ್ಪುತ್ತಿದ್ದೆ.

ಅವರು ತಮ್ಮ ಬೂಟುಗಳನ್ನು ನೋಡುತ್ತಾ ಕೂತಿದ್ದರು. ಕನ್ಸಲ್ಟೆಂಟರು ಬರೆದುಕೊಂಡರು. ಹತ್ತು ದಿನದ ಮೇಲೆ, ಅವರು ನನ್ನ ಸರ್ಜರಿಗೆ ಬರೆದ ಪತ್ರದ ಪ್ರತಿ ಮನೆಗೆ ಬಂತು, ಎರಡು ತಿಂಗಳಿನಿಂದ ಹೊಟ್ಟೆಯುಬ್ಬರ ಎಂದು ಅಚ್ಚಾಗಿತ್ತು. ಅವರೇ ಅದನ್ನು ಓದಿ ಫೈಲಿಗೆ ಸೇರಿಸಿದರು.

ಹನ್ನೊಂದು ತಿಂಗಳ ಬದಲು ನಿಜಕ್ಕೂ ಎರಡೇ ತಿಂಗಳಿಗೆ ಹೋಗಿದ್ದರೆ ಉಳಿಯುತ್ತಿದ್ದೆನೇ? ಯಾರೂ ಹೇಳಲಾರರು, ಇದು ಕಳ್ಳ ಕಾಯಿಲೆ ಎಂದು ಕೀಮೋ ನರ್ಸು ಸಮಾಧಾನ ಹೇಳಿದ್ದಾಳೆ. ಇರಬಹುದು. ಈಗ ಎರಡನೇ ಸಲದ ಕೀಮೋ ನಡೆದಿದೆ, ಮೂರು ವಾರಕ್ಕೊಮ್ಮೆ. ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿಕೊಳ್ಳುತ್ತದೆ, ನಳಿಕೆ ಹಾಕಿ ತೆಗೆಯುತ್ತಾರೆ. ತೆಗೆದ ದಿನ ಮೈ ಹಗುರಾಗಿ ಒಂದು ಇಡೀ ದೋಸೆ ತಿನ್ನುತ್ತೇನೆ. ಎರಡು ವಾರಕ್ಕೆ ಮತ್ತೆ ತುಂಬುತ್ತದೆ. ಬಳಗದವರು ಸರದಿ ಹಾಕಿಕೊಂಡು ಅಡುಗೆ ತಂದುಕೊಡುತ್ತಾರೆ, ಬಾಗಿಲಲ್ಲೇ ಡಬ್ಬಿ ಕೊಟ್ಟು ಹೋಗುತ್ತಾರೆ. ನನ್ನ ಗಂಡ ಕೆಲಸ ಬಿಟ್ಟು ನನ್ನನ್ನು ನೋಡಿಕೊಳ್ಳುತ್ತಿದ್ದಾರೆ. ಮಾತ್ರೆ ಎಣಿಸಿ ಕೊಡುತ್ತಾರೆ, ಬೆನ್ನು ಉಜ್ಜುತ್ತಾರೆ. ಹನ್ನೊಂದು ತಿಂಗಳಿನ ಮಾತು ನಮ್ಮಿಬ್ಬರ ನಡುವೆ ಒಂದು ಸಲವೂ ಬಂದಿಲ್ಲ.

ಹೋದ ಭಾನುವಾರ ಮಗಳು ಲೀಡ್ಸಿನಿಂದ ಬಂದಿದ್ದಳು. ನಾನು ಸೋಫಾದಲ್ಲಿ ದಿಂಬಿಗೆ ಒರಗಿದ್ದೆ. ಆ ಹನ್ನೊಂದು ತಿಂಗಳು ಅವಳ ಹತ್ತಿರ ನಾನು ಏನೂ ಹೇಳಿಕೊಂಡಿರಲಿಲ್ಲ, ಅವಳಿಗೆ ಪರೀಕ್ಷೆ ಇದೆಯೆಂದು ಬಿಟ್ಟಿದ್ದೆ. ಅವಳಿಗೆ ಗೊತ್ತಿದ್ದದ್ದು ಆಸ್ಪತ್ರೆಯ ಪತ್ರದಲ್ಲಿ ಇದ್ದಷ್ಟೇ. ಟೀ ಕುಡಿಯುತ್ತಿದ್ದ ಹಾಗೇ ಅವಳ ಅಪ್ಪ ಇದ್ದಕ್ಕಿದ್ದಂತೆ ಮುಖ ಮುಚ್ಚಿಕೊಂಡು, “ನಾನು ನೋಡ್ಬೇಕಿತ್ತು ಪುಟ್ಟಾ, ನಾನು ನೋಡ್ಬೇಕಿತ್ತು” ಎಂದು ಅಳತೊಡಗಿದರು. ಈಗ ಹೇಳುತ್ತಾರೆ ಅಂದುಕೊಂಡೆ.

ಮಗಳು ಎದ್ದು ಹೋಗಿ ಅವರನ್ನು ತಬ್ಬಿಕೊಂಡಳು. “ಡ್ಯಾಡ್, ಸ್ಟಾಪ್. ಇಟ್ ವಾಸ್ ಓನ್ಲಿ ಟೂ ಮಂತ್ಸ್. ಯು ಕುಡ್‌ನ್ಟ್ ಹ್ಯಾವ್ ನೋನ್.” ಆಮೇಲೆ ನನ್ನ ಕಡೆ ತಿರುಗಿ, “ಅಮ್ಮಾ, ಟೆಲ್ ಹಿಮ್” ಎಂದಳು.

ಅವರು ತಲೆ ಎತ್ತಲಿಲ್ಲ. ಅಳು ಮಾತ್ರ ನಿಂತಿತ್ತು, ನಾನು ಏನು ಹೇಳುತ್ತೇನೆಂದು ಕೇಳಿಸಿಕೊಳ್ಳಲು.

“ಹೌದು, ಎರಡೇ ತಿಂಗಳು” ಎಂದೆ.

ಅವರು ಮತ್ತೆ ಅಳತೊಡಗಿದರು, ಈ ಸಲ ಜೋರಾಗಿ. ಮಗಳು ಅವರ ಬೆನ್ನು ಸವರುತ್ತಾ ಕೂತಿದ್ದಳು. ನಾನು ಎದುರಿನಿಂದ ನೋಡುತ್ತಿದ್ದೆ.